ಇನ್ನೂರ ಹದಿಮೂರನೆಯ ಸಾವು

ಸಾಕ್ಷಿಕಡ್ಡಿ ಬಂದ ವರ್ಷ ಎಲ್ಲರೂ ಅದನ್ನು ಹೊಗಳಿದರು. ಗೇಣುದ್ದದ ಉಕ್ಕಿನ ಕಡ್ಡಿ ಅದು. ಹೆಣದ ಪಕ್ಕೆಲುಬಿನ ಸಂದಿಯಲ್ಲಿ ಇಳಿಸಿದರೆ ಸಾಕು, ಹನ್ನೊಂದು ನಿಮಿಷದೊಳಗೆ ರಕ್ತ, ಶ್ವಾಸಕೋಶ, ಮಜ್ಜೆ ಮೂರನ್ನೂ ಓದಿ ಮನುಷ್ಯ ಯಾವುದರಿಂದ ಸತ್ತನೆಂದು ಹೇಳಿಬಿಡುತ್ತಿತ್ತು. ಜಾತಿ ಬಿಟ್ಟು ಮದುವೆಯಾದ ಮಗಳನ್ನು ಕೊಂದು, ಹೊಟ್ಟೆನೋವೆಂದು ಊರಿಗೆ ಹೇಳಿ, ಬೆಳಗಾಗುವುದರೊಳಗೆ ಸುಟ್ಟು ಕೈತೊಳೆದುಕೊಳ್ಳುವುದು ಇನ್ನು ನಡೆಯುವುದಿಲ್ಲ ಎಂದು ಸಭೆಗಳಲ್ಲಿ ಭಾಷಣ ಮಾಡಿದವರಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಡ್ಡಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅದು ಹೇಳಿದ್ದನ್ನು ಬರೆದುಕೊಳ್ಳುವವರು ನೋಡುತ್ತಿದ್ದರು.

ಬರೆದುಕೊಳ್ಳಲೆಂದು ಸರ್ಕಾರ ಅಂತ್ಯಸಂಸ್ಕಾರ ನಿಯಂತ್ರಣ ಮಂಡಳಿಯನ್ನು ಕಟ್ಟಿತು. ಕಡ್ಡಿಯ ತುದಿ ಹಸಿರಾಗದೆ ಹೆಣ ಸ್ಮಶಾನದ ಗೇಟು ದಾಟುವಂತಿಲ್ಲ, ಚಿತಾಗಾರದ ಕುಲುಮೆ ಹೊತ್ತುವಂತಿಲ್ಲ. ಹಸಿರಾಗಬೇಕಾದರೆ ಮಂಡಳಿಯ ಪಟ್ಟಿಯಲ್ಲಿರುವ ಇನ್ನೂರ ಹನ್ನೆರಡು ಕಾರಣಗಳಲ್ಲಿ ಒಂದು ನಮೂದಾಗಬೇಕು, ಅದರ ಕೆಳಗೆ ಮನೆಯವರ ಹೆಬ್ಬೆಟ್ಟು ಬೀಳಬೇಕು. ಕದ್ದು ಹೂತರೆ ಹೆಗಲು ಕೊಟ್ಟವರಿಗೆಲ್ಲ ಏಳು ವರ್ಷ ಜೈಲು. ಪಟ್ಟಿಯಲ್ಲಿ ಹಾವು ಕಡಿತವಿತ್ತು, ಸಿಡಿಲಿತ್ತು, ಗಾಳಿಪಟದ ದಾರಕ್ಕೆ ಕತ್ತು ಕೊಯ್ದುಕೊಳ್ಳುವುದೂ ಇತ್ತು. ಮಲದ ಗುಂಡಿಯ ಗಾಳಿ ಇರಲಿಲ್ಲ.

ಯಾಕೆಂದರೆ ಗುಂಡಿಗೆ ಮನುಷ್ಯರನ್ನು ಇಳಿಸುವುದು ನಿಂತು ಒಂಬತ್ತು ವರ್ಷವಾಗಿದೆಯೆಂದು ಸರ್ಕಾರ ವಿಧಾನಸಭೆಯಲ್ಲಿ ಹೇಳಿತ್ತು. ಈಗ ಇಳಿಯುವುದು ಯಂತ್ರ. ಯಂತ್ರದ ಚಕ್ರಕ್ಕೆ ಬಟ್ಟೆಯೋ ಕೂದಲೋ ಸುತ್ತಿಕೊಂಡು ಅದು ಕೆಳಗೇ ನಿಂತುಬಿಟ್ಟಾಗ, ಬಿಡಿಸಿ ಮೇಲಕ್ಕೆ ಕಳಿಸಲು ಮಾತ್ರ ತೋಪಿನಬೀದಿಯ ಮಂಟಯ್ಯನಂಥವರು ಇಳಿಯುತ್ತಿದ್ದರು. ಆ ಬುಧವಾರ ಬೆಳಿಗ್ಗೆ ಮೈಸೂರಿನ ಹೊರವಲಯದ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟಿನ ಕೊಳಚೆ ಗುಂಡಿಯಲ್ಲಿ ಮಂಟಯ್ಯ ಯಂತ್ರವನ್ನು ಬಿಡಿಸಿ ಹಗ್ಗಕ್ಕೆ ಕಟ್ಟಿದ. ಯಂತ್ರ ಮೇಲೆ ಬಂತು. ಅವನು ಬರಲಿಲ್ಲ. ಯಂತ್ರದ ಆ ದಿನದ ವರದಿಯಲ್ಲಿ ‘ಮಾನವ ಪ್ರವೇಶ: ಇಲ್ಲ’ ಎಂದು ತಾನಾಗಿಯೇ ದಾಖಲಾಯಿತು.

ಮಧ್ಯಾಹ್ನ ಮೂರಕ್ಕೆ ಮಂಡಳಿಯ ಸ್ಥಳ ನಿರೀಕ್ಷಕ ದೊರೆರಾಜು ತೋಪಿನಬೀದಿಗೆ ಬಂದ. ಬೀದಿಯವರು ಗುಂಡಿಯಿಂದ ಎತ್ತಿ ತಂದು ಮನೆಯ ಮುಂದಿನ ಚಪ್ಪರದಡಿ ಮಲಗಿಸಿದ್ದ ಮಂಟಯ್ಯನ ಎದೆಗೆ ಕಡ್ಡಿ ಇಳಿಸಿ, ಹನ್ನೊಂದು ನಿಮಿಷ ಕಾದು, ಕೈಯಲ್ಲಿದ್ದ ಫಲಕ ನೋಡಿದ. ಕಡ್ಡಿಯ ತುದಿ ಕೊಲೆಯ ಕೆಂಪೂ ಆಗಲಿಲ್ಲ, ಹಸಿರೂ ಆಗಲಿಲ್ಲ. ಹಳದಿಯಾಯಿತು. ತಾನು ಕಂಡ ಕಾರಣ ಪಟ್ಟಿಯಲ್ಲಿಲ್ಲ, ಅದಕ್ಕೆ ಹತ್ತಿರದ್ದನ್ನು ಆರಿಸಿದ್ದೇನೆ ಎಂದು ಅದರರ್ಥ.

“ಎಂಬತ್ತೆಂಟನೇದು” ಎಂದ ದೊರೆರಾಜು. “ಅತಿಯಾದ ಮದ್ಯಸೇವನೆಯಿಂದ ಉಸಿರುಗಟ್ಟಿ.”

ಮಂಟಯ್ಯನ ಹೆಂಡತಿ ನಿಂಗಾಜಮ್ಮ ತಲೆಯೆತ್ತಿದಳು. “ಯಾರು ಯೋಳ್ದೋರು?”

“ಕಡ್ಡಿ.”

“ಕಡ್ಡಿ ಅಂಗಂತಾ? ಎಲ್ಲಿ, ನಂಗೂ ವಸಿ ಕೇಳ್ಸು.”

“ಕುಡೀತಿದ್ರಲ್ಲಕ್ಕ ಇವ್ರು?”

“ಕುಡೀತಿದ್ದ. ಭಾನ್ವಾರ. ಸತ್ತಿರಾದು ಬುಧ್ವಾರ.”

ಮಗನ ತಲೆಯ ಹತ್ತಿರ ಕೂತಿದ್ದ ಮುದುಕಿ ಪುಟ್ಟತಾಯಮ್ಮ ಮೆಲ್ಲಗೆ ಹೇಳಿದಳು: “ಬಗ್ಗಿ ಅವನ್ ಬಾಯಿ ಮೂಸ್ನೋಡಪ್ಪ ಇನ್ಸ್‌ಪೆಟ್ರೆ. ಎಂಡದ್ ವಾಸ್ನೆಯೋ ಏಲಿನ್ ವಾಸ್ನೆಯೋ ನಿನ್ ಮೂಗೇ ಯೋಳ್ತದೆ. ಅದುಕ್ಕೆ ಬ್ಯಾಟ್ರಿ ಬ್ಯಾಡ.”

ದೊರೆರಾಜು ಬಗ್ಗಲಿಲ್ಲ. ಬಗ್ಗದೆಯೂ ಗೊತ್ತಾಗುತ್ತಿತ್ತು.

ತೋಪಿನಬೀದಿಯಲ್ಲಿ ಎಂಬತ್ತೆಂಟು ಹೊಸದಲ್ಲ. ನಾಲ್ಕು ವರ್ಷದಲ್ಲಿ ಮೂವರು ಗಂಡಸರು ಅದೇ ಸಂಖ್ಯೆಯಡಿ ಮಣ್ಣಾಗಿದ್ದರು. ಮೂರನೆಯದಾದ ಮೇಲೆ ಸರ್ಕಾರ ಕಾಳಜಿ ವಹಿಸಿ ಬೀದಿಯ ತುದಿಯಲ್ಲಿ ಕುಡಿತ ಬಿಡಿಸುವ ಶಿಬಿರ ತೆರೆದಿತ್ತು. ಶಿಬಿರದ ಗೋಡೆಯ ಮೇಲೆ ಹೆಂಡತಿಗೆ ಹೊಡೆಯುತ್ತಿರುವ ಕರಿಯ ಗಂಡಸಿನ ಚಿತ್ರವಿತ್ತು. ಮಂಟಯ್ಯನೇ ಅದಕ್ಕೆ ಬಣ್ಣ ಹಚ್ಚುವವರಿಗೆ ಏಣಿ ಹಿಡಿದಿದ್ದ.

ನಿಂಗಾಜಮ್ಮ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. “ನಾನು ಒತ್ತಕ್ಕಿಲ್ಲ. ಗುಂಡೀಲಿ ಸತ್ತ ಅಂತ ಬರೀರಿ, ಒತ್ತೀನಿ. ನಮ್ ಮೈದ್ನ ನಾಳಿಕ್ಕೆ ಅದೇ ಗುಂಡಿಗ್ ಇಳೀಬೇಕು. ಇಂಗೇ ಕುಡ್ದು ಸತ್ರು, ಕುಡ್ದು ಸತ್ರು ಅಂತಿದ್ರೆ ಅವ್ರು ಇಳ್ಸೋದ ನಿಲ್ಸಾದು ಯಾವಾಗ?”

“ಬರೆಯೋ ಜಾಗವೇ ಇಲ್ಲಕ್ಕ ಇದ್ರಲ್ಲಿ.”

“ಜಾಗ ಆಗೋಗಂಟ ಅವ್ನು ಇಲ್ಲೇ ಇರ್ತಾನೆ.”

*

ಬೆಂಗಳೂರಿನ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ರಾಜ್ಯದ ನಕ್ಷೆ. ಮಣ್ಣಾಗಲು ಕಾದಿರುವ ಒಂದೊಂದು ಹೆಣಕ್ಕೂ ಒಂದೊಂದು ಚುಕ್ಕಿ. ಗುರುವಾರ ಬೆಳಿಗ್ಗೆ ಡಾಕ್ಟರ್ ಹರಿಣಾಕ್ಷಿ ಮೈಸೂರಿನ ಪಕ್ಕದ ಹಳದಿ ಚುಕ್ಕಿಯನ್ನು ಮುಟ್ಟಿ ತೆರೆದಳು. ಕಡ್ಡಿಗೆ ಓದು ಕಲಿಸಿದವರಲ್ಲಿ ಅವಳೂ ಒಬ್ಬಳು. ರಕ್ತದಲ್ಲಿ ಥಯೋಸಲ್ಫೇಟ್, ಶ್ವಾಸಕೋಶದಲ್ಲಿ ಕೆಸರು, ಮಿದುಳಿಗೆ ಹೋಗುವ ಉಸಿರು ಒಂದೇ ಏಟಿಗೆ ನಿಂತ ಗುರುತು. ಮದ್ಯದ ಅಂಶ ಸೊನ್ನೆ. ಹೈಡ್ರೋಜನ್ ಸಲ್ಫೈಡ್, ಗುಂಡಿಯ ವಿಷಗಾಳಿ ಎಂದು ವೈದ್ಯಕೀಯ ಮೂರನೇ ವರ್ಷದ ವಿದ್ಯಾರ್ಥಿಯೂ ಹೇಳಬಹುದಾಗಿತ್ತು.

ಪಟ್ಟಿಯ ಕರಡಿನಲ್ಲಿ ಅವಳೇ ಇದನ್ನು ಇನ್ನೂರ ಹದಿಮೂರನೆಯದಾಗಿ ಸೇರಿಸಿದ್ದಳು. ಮಂಡಳಿಯ ನಿರ್ದೇಶಕ ವಿದ್ಯಾಧರ ಅದನ್ನು ಹೊಡೆದುಹಾಕಿದಾಗ ಒಂದು ಮಾತು ಹೇಳಿದ್ದ. “ಕಾನೂನಿನಲ್ಲೇ ಇಲ್ಲದ ಸಾವು ದೇಹದಲ್ಲಿ ಹೇಗಿರತ್ತೆ ಡಾಕ್ಟ್ರೇ?” ವಿದ್ಯಾಧರ ಎಂದೂ ದನಿಯೇರಿಸಿದವನಲ್ಲ. ಸಹೋದ್ಯೋಗಿಗಳ ಮಕ್ಕಳ ಹುಟ್ಟುಹಬ್ಬ ನೆನಪಿಟ್ಟುಕೊಳ್ಳುತ್ತಿದ್ದ.

“ಈ ಹೆಂಗಸು ಒಪ್ಪುತ್ತಿಲ್ಲ” ಎಂದಳು ಹರಿಣಾಕ್ಷಿ.

“ಒಪ್ಪುತ್ತಾರೆ. ಅಲ್ಲೇ ಬರೆದಿದೆಯಲ್ಲ.”

ಚುಕ್ಕಿಯ ಪಕ್ಕದಲ್ಲಿ ಬರೆದಿತ್ತು: ‘ನಿರೀಕ್ಷಿತ ಒಪ್ಪಿಗೆ, ಮೂವತ್ತೊಂದು ಗಂಟೆ. ಈವರೆಗಿನ ಗರಿಷ್ಠ, ನಲವತ್ತನಾಲ್ಕು.’ ಅದರ ಕೆಳಗೆ ‘ಒಲೆ’ ಎಂಬ ಹೆಸರಿನ ಗೆರೆಯೊಂದು ಸೊನ್ನೆಯಲ್ಲಿ ಉದ್ದಕ್ಕೆ ಮಲಗಿತ್ತು.

“ಈ ಒಲೆ ಅಂದ್ರೇನು ಸರ್?”

“ಬೀದಿಯ ಗ್ಯಾಸ್ ಮೀಟರುಗಳು. ಹೆಣ ಎತ್ತುವವರೆಗೆ ಆ ಜನ ಇಡೀ ಬೀದಿಯಲ್ಲಿ ಒಲೆ ಹಚ್ಚೋದಿಲ್ಲವಂತೆ. ಕೂಸುಗಳಿಗೆ ಅಂಗಡಿಯ ಬನ್ನು, ದೊಡ್ಡವರಿಗೆ ನೀರು. ನಮ್ಮ ನಿರೀಕ್ಷಕರೊಬ್ಬರು ತರಬೇತಿಯ ಪ್ರಶ್ನಾವಳಿಯಲ್ಲಿ ಬರೆದಿದ್ದರು. ಬಹಳ ಉಪಯೋಗಕ್ಕೆ ಬಂತು.” ಅವನು ಕಾಫಿಯ ಬಟ್ಟಲನ್ನು ಅವಳತ್ತ ಸರಿಸಿದ. “ನಾವು ಒತ್ತಾಯ ಮಾಡೋದಿಲ್ಲ. ಪೊಲೀಸರನ್ನು ಕಳಿಸೋದಿಲ್ಲ. ಸುಮ್ಮನೆ ಕಾಯುತ್ತೇವೆ. ಉಳಿದದ್ದನ್ನು ಅವರವರೇ ನೋಡಿಕೊಳ್ಳುತ್ತಾರೆ.”

ಹರಿಣಾಕ್ಷಿ ಕಾಫಿ ಕುಡಿದಳು. ಬಿಸಿಯಾಗಿತ್ತು.

*

ಅವರವರೇ ನೋಡಿಕೊಳ್ಳಲು ಶುರುಮಾಡಿದ್ದರು. ಗುರುವಾರ ಸಂಜೆಗೆ ತೋಪಿನಬೀದಿಯ ನಲವತ್ತು ಮನೆಗಳಲ್ಲಿ ಯಾರ ಮುಖವೂ ನೆಟ್ಟಗಿರಲಿಲ್ಲ. ಹೆಣದ ಸುತ್ತ ಇಡಲು ಜ್ಯೂಸ್ ಅಂಗಡಿಯಿಂದ ಮಂಜುಗಡ್ಡೆ ಹೊತ್ತು ತಂದ ಗಂಡಸರು ಹಸಿವಿಗೆ ನಡುಗುತ್ತ ಜಗಲಿಯ ಮೇಲೆ ಕೂತುಬಿಟ್ಟರು. ಆರು ತಿಂಗಳ ಬಸುರಿಯೊಬ್ಬಳು ನಲ್ಲಿಯ ಹತ್ತಿರ ತಲೆ ಸುತ್ತಿ ಬಿದ್ದಳು. ಬೀದಿಯ ಯಜಮಾನ ಚೆಲುವಯ್ಯ ಕೋಲೂರಿಕೊಂಡು ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತ.

“ನಿಂಗವ್ವ, ನಿಂದು ನ್ಯಾಯನೇ. ನಾನು ಇಲ್ಲ ಅನ್ನಕಿಲ್ಲ. ಆದ್ರೆ ನಲ್ವತ್ ಮನೆ ಕನವ್ವ.”

“ಒಲೆ ಹಚ್ಕಳಿ ಯಜಮಾನ್ರೆ. ನಾನೇನು ಬ್ಯಾಡ ಅಂದ್ನಾ?”

“ಎಣ ಮಡೀಕಂಡು ಒಲೆ ಹಚ್ಚಾದಾ? ಸತ್ತವ್ನು ನಮ್ ಮನೆ ಗಂಜೀ ವಾಸ್ನೆ ಕುಡ್ಕಂಡು ಮನಗಿರ್ಬೇಕಾ? ನಮ್ಮಪ್ಪ ಮಾಡ್ಲಿಲ್ಲ, ನಾನು ಮಾಡಕ್ಕಿಲ್ಲ. ಒಂದ್ ಎಬ್ಬೆಟ್ಟು ತಾನೆ. ನಮ್ ತಮ್ಮಂಗೂ ನಾನೇ ಒತ್ತಿದ್ನಲ್ಲ.”

“ಗೊತ್ತು. ಒತ್ತುದ್ ಮ್ಯಾಲೆ ನೀವು ಅದೇ ಎಬ್ಬೆಟ್ಟ ಎಷ್ಟ್ ದಿನ ಬೂದೀಲಿ ಉಜ್ಜುದ್ರಿ ಅನ್ನಾದೂ ಗೊತ್ತು.”

ಹಿಂದೆ ನಿಂತಿದ್ದ ಹೆಂಗಸರಲ್ಲಿ ಯಾರೋ ಅಂದರು: “ಬದ್ಕಿದ್ದಾಗ ಒಂದ್ ಸೀರೆ ತಂದ್ಕೊಡ್ನಿಲ್ಲ ಅಂತ ಬೈತಿದ್ಲು. ಸತ್ ಮ್ಯಾಲೆ ಗಂಡುನ್ ಮಾನ ಬಂದದೆ.”

“ಬೈತಿದ್ದೆ ಕಣಮ್ಮಿ” ಎಂದಳು ನಿಂಗಾಜಮ್ಮ, ತಿರುಗದೆ. “ಅದು ನಂಗೂ ಅವುನ್ಗೂ ಬುಟ್ಟಿದ್ದು. ಸರ್ಕಾರ ಯಾಕೆ ಬೈಬೇಕು?”

ಶುಕ್ರವಾರ ಬೆಳಿಗ್ಗೆ ದೊರೆರಾಜು ಮತ್ತೆ ಬಂದ. ಯೂನಿಫಾರಂ ಹಾಕಿರಲಿಲ್ಲ. ಮಂಜುಗಡ್ಡೆ ಕರಗಿದ ನೀರು ಚಪ್ಪರದಿಂದ ಚರಂಡಿಯವರೆಗೆ ಹರಿದಿತ್ತು; ಅದನ್ನು ದಾಟಿ ಬಂದು ನಿಂಗಾಜಮ್ಮನ ಎದುರು ಕುಕ್ಕರಗಾಲಲ್ಲಿ ಕೂತ. ಈಗ ಅವನ ಬಾಯಿಂದ ಬಂದದ್ದು ಆಫೀಸಿನ ಕನ್ನಡವಲ್ಲ.

“ಅಕ್ಕ, ನಂದೂ ಇಂಥದೇ ಬೀದಿ. ತಿರುಮಕೂಡ್ಲು ತಾವ. ನಮ್ಮೋರು ಯಾಕೆ ಎಲ್ಡೇ ದಿನುಕ್ಕೆ ಒಪ್ಕಳ್ತಾರೆ ಅಂತ ಮೇಲ್ನೋರ್ಗೆ ಗೊತ್ತು. ಒಲೆ ವಿಚಾರ ಅವ್ರಿಗೆ ಬರ್ಕೊಟ್ಟೋನು ನಾನೇ.”

ನಿಂಗಾಜಮ್ಮ ಅವನನ್ನೇ ನೋಡಿದಳು.

“ಕೆಲ್ಸುಕ್ ಸೇರ್ದಾಗ ಕಾಗ್ದ ಕೊಟ್ಟು, ನಿಮ್ಮ ಜನದ ಪದ್ಧತಿ ಬರೀರಿ ಅಂದ್ರು. ಗೌರವ ಮಾಡಕ್ಕೆ ಕೇಳ್ತಾವ್ರೆ ಅನ್ಕಂಡೆ. ಎಲ್ಡ್ ಪುಟ ಬರ್ದೆ, ಅಚ್ಚುಕಟ್ಟಾಗಿ. ಈಗ ನಿಮ್ ಬೀದಿ ಗ್ಯಾಸ್ ಮೀಟ್ರು ನೋಡ್ಕಂಡು ಕೂತವ್ರೆ. ಸೊನ್ನೆ ಇರೋಗಂಟ ಅವ್ರಿಗೆ ನೆಮ್ದಿ.”

“ಓದಿರಾವ್ನು ನೀನು.”

“ಊ. ಓದಿರಾವ್ನು.” ಅವನು ನೆಲ ನೋಡಿದ. “ಇನ್ನೊಂದದೆ. ನಲವತ್ತೊಂದನೇ ಕಲಂ. ತೊಂಬತ್ತಾರು ಗಂಟೆ ಕಳುದ್ರೂ ಮನೆಯೋರು ಒಪ್ನಿಲ್ಲ ಅಂದ್ರೆ ಕಡ್ಡಿ ಕಂಡದ್ದ ಕಂಡಂಗೇ ಬರೀಬೇಕು. ಭಾನ್ವಾರ ಮೂರ್ ಗಂಟೆ. ಅಲ್ಲೀಗಂಟ ಯಾರೂ ಮುಟ್ಟಿಲ್ಲ. ಮುಟ್ಟುದ್ರೆ ಮುಂದೇನು ಅಂತ ನಂಗೂ ಗೊತ್ತಿಲ್ಲ.”

ಅವನು ಹೋದ ಮೇಲೆ ನಿಂಗಾಜಮ್ಮ ಅತ್ತೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಭಾನುವಾರದವರೆಗೆ ಬೀದಿ ಉಪವಾಸವಿರಲಾರದು. ಒಲೆ ಹಚ್ಚಿದರೆ ಮಾತ್ರ ಆಗುತ್ತದೆ. ಇವಳಾಗಿ ಹಚ್ಚಿದರೆ ಬೀದಿ ಇವಳ ಮುಖಕ್ಕೆ ಉಗಿಯುತ್ತದೆ, ಹಚ್ಚುವುದಿಲ್ಲ.

ಪುಟ್ಟತಾಯಮ್ಮ ಬಹಳ ಹೊತ್ತು ಮಗನ ಮುಖ ನೋಡಿದಳು. ಮೂಗಿನ ಹತ್ತಿರ ಕೂತಿದ್ದ ನೊಣವನ್ನು ಓಡಿಸಿದಳು. ಹಡೆದವಳು ಹೆಣ ಎದ್ದ ಮೇಲೂ ಎಲ್ಲರಿಗಿಂತ ಕೊನೆಗೆ ಉಣ್ಣಬೇಕು. ಅದು ಆ ಬೀದಿಯ ಕಟ್ಟು.

“ಎಸ್ರಿಡು” ಎಂದಳು.

“ಅತ್ತೆ—”

“ಎಸ್ರಿಡು ಅಂದೆ. ದೊಡ್ಡ ಪಾತ್ರೇಲಿ.”

ಹಿಟ್ಟು ಬೇಯುವ ವಾಸನೆ ಚಪ್ಪರಕ್ಕೆ ಬಂದಾಗ ಇಡೀ ಬೀದಿ ಹೊರಗೆ ಬಂದು ನಿಂತಿತು. ನಿಂಗಾಜಮ್ಮ ಮೊದಲ ಮುದ್ದೆಯನ್ನು ತಟ್ಟೆಗೆ ಹಾಕಿ, ಉಪ್ಪೆಸರು ಬಿಟ್ಟು, ಅತ್ತೆಯ ಮುಂದಿಟ್ಟಳು. ಮುದುಕಿ ಒಂದು ಕೈಯನ್ನು ಮಗನ ತಣ್ಣನೆಯ ಎದೆಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ತುತ್ತು ಮುರಿದು ಬಾಯಿಗಿಟ್ಟಳು. ನೀರು ಕುಡಿದು ಇಳಿಸಿದಳು. ಇನ್ನೊಂದು ತುತ್ತು ಮುರಿದಳು.

“ಎತ್ತವ್ಳೇ ಉಂಡಾಯ್ತು” ಎಂದಳು, ಚೆಲುವಯ್ಯನನ್ನು ನೋಡಿ. “ಇನ್ ಯಾರುಕ್ ದೋಸ ಬತ್ತದೆ ಬರ್ಲಿ ನೋಡಾನ. ಓಗ್ರಯ್ಯ, ಒಲೆ ಹಚ್ರಿ.”

ಚೆಲುವಯ್ಯ ಕೋಲನ್ನು ಕಂಬಕ್ಕೆ ಒರಗಿಸಿ ನೆಲದ ಮೇಲೆ ಕೂತ. “ನಂಗೂ ಒಂದ್ ಮುದ್ದೆ ಇಕ್ಕು ನಿಂಗವ್ವ” ಎಂದ. ಉಣ್ಣುವಾಗ ಅವನ ಹೆಗಲು ಅಲುಗುತ್ತಿತ್ತು.

*

ಬೆಂಗಳೂರಿನ ಗೋಡೆಯ ಮೇಲೆ ಸೊನ್ನೆಯಲ್ಲಿ ಮಲಗಿದ್ದ ಗೆರೆ ಎದ್ದಿತು. ಮೊದಲು ಒಂದು ಮನೆ, ಅರ್ಧ ಗಂಟೆಯಲ್ಲಿ ಹನ್ನೆರಡು, ಮಧ್ಯಾಹ್ನಕ್ಕೆ ನಲವತ್ತು. ಗರಿಷ್ಠ ನಲವತ್ತನಾಲ್ಕು ಎಂದಿದ್ದುದು ನಲವತ್ತೈದಾಯಿತು, ನಲವತ್ತಾರಾಯಿತು. ಹರಿಣಾಕ್ಷಿ ಶನಿವಾರವೂ ಕೊಠಡಿಗೆ ಬಂದಳು. ಭಾನುವಾರ ರಜೆಯಿದ್ದರೂ ಬಂದಳು. ಮೂರು ಗಂಟೆಗೆ ಕೊಠಡಿಯ ಯಂತ್ರ ಅವಳನ್ನೇ ತಜ್ಞೆಯ ಅಭಿಪ್ರಾಯ ಕೇಳಿತು. ಅವಳು ಬರೆದಳು: ‘ಮಲದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಉಸಿರಾಡಿ ಸಾವು.’ ಸಹಿ ಮಾಡಿದಳು. ಎಷ್ಟೋ ವರ್ಷದ ಮೇಲೆ ತಾನು ಓದಿದ್ದಕ್ಕೆ ಸಾರ್ಥಕವಾಯಿತೆನ್ನಿಸಿ ಕಣ್ಣು ಒದ್ದೆಯಾಯಿತು.

ವಿದ್ಯಾಧರ ಅವಳ ಹಿಂದೆ ಬಂದು ನಿಂತು ಓದಿದ. ಸಿಟ್ಟಾಗಲಿಲ್ಲ. “ಸರಿಯಾಗಿದೆ” ಎಂದು ವಾಹನ ಕಳಿಸುವ ಆದೇಶಕ್ಕೆ ಬೆರಳು ಒತ್ತಿದ.

“ಸ್ಮಶಾನಕ್ಕೆ ತಾನೆ ಸರ್?”

“ಶೈತ್ಯಾಗಾರಕ್ಕೆ. ನಲವತ್ತೆರಡನೇ ಕಲಂ. ಕಾನೂನು ನಿಷೇಧಿಸಿರುವ ಕೆಲಸದಲ್ಲಿ ಸಾವಾಗಿದೆ ಅಂತ ನೀವೇ ಬರೆದಿದ್ದೀರಲ್ಲ. ದೇಹ ಈಗ ಪುರಾವೆ. ಪ್ರಕರಣ ಮುಗಿಯುವವರೆಗೆ ನಮ್ಮಲ್ಲಿರತ್ತೆ.”

“ಆರೋಪಿ ಯಾರು? ಆ ಅಪಾರ್ಟ್‌ಮೆಂಟಿನವರಾ?”

“ಅಲ್ಲಿನ ಯಂತ್ರ ಯಾರೂ ಇಳಿದಿಲ್ಲ ಅಂತ ವರದಿ ಕೊಟ್ಟಿದೆ. ಆದ್ದರಿಂದ ಅವರು ಇಳಿಸಿಲ್ಲ. ಗುಂಡಿಗೆ ಇಳಿಯುವುದೇ ಅಪರಾಧ, ಡಾಕ್ಟ್ರೇ. ಇಳಿದವನೇ ಒಂದನೇ ಆರೋಪಿ.”

“ಅವನು ಸತ್ತಿದ್ದಾನೆ.”

“ಮರಣಪತ್ರ ಇದೆಯಾ?” ವಿದ್ಯಾಧರ ನಿಜವಾಗಿಯೂ ತಿಳಿದುಕೊಳ್ಳುವವನಂತೆ ಕೇಳಿದ. “ಮರಣಪತ್ರ ಬರೋದು ಕಡ್ಡಿ ಹಸಿರಾದ ಮೇಲೆ. ಹಸಿರಾಗೋದು ಪ್ರಕರಣ ಮುಗಿದ ಮೇಲೆ. ಪ್ರಕರಣ ಮುಗಿಯೋದು ಆರೋಪಿ ಬಂದು ಹೇಳಿಕೆ ಕೊಟ್ಟ ಮೇಲೆ. ನೀವು ಮನೆಗೆ ಹೊರಡಿ. ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಅನ್ನಿಸತ್ತೆ.”

*

ತೋಪಿನಬೀದಿಗೆ ಇದಾವುದೂ ಗೊತ್ತಿರಲಿಲ್ಲ. ದೊರೆರಾಜು ತಂದ ಕಾಗದವನ್ನು ನಿಂಗಾಜಮ್ಮನ ಮೈದುನ ಗಟ್ಟಿಯಾಗಿ ಓದಿದ. ‘ಮಲದ ಗುಂಡಿಯಲ್ಲಿ’ ಎಂಬಲ್ಲಿಗೆ ಬಂದಾಗ ನಿಲ್ಲಿಸಿ ಮತ್ತೊಮ್ಮೆ ಓದಿದ. ಚೆಲುವಯ್ಯ ಅವನ ಕೈಯಿಂದ ಕಾಗದ ಇಸಿದುಕೊಂಡು, ಅಕ್ಷರ ಬಾರದಿದ್ದರೂ ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ನನ್ ತಮ್ಮಂದೂ ಇಂಗೇ ಬರೀಬೋದಾಗಿತ್ತು” ಎಂದ.

ಸ್ಮಶಾನದಲ್ಲಿ ಗುಂಡಿ ತೋಡಿ ಎರಡು ದಿನವಾಗಿತ್ತು. ಮಂಡಳಿಯ ಬಿಳಿ ವಾಹನ ಬಂದು ನಿಂತಾಗ ಜನ ತಾವೇ ಮಂಟಯ್ಯನನ್ನು ಎತ್ತಿ ಒಳಗೆ ಮಲಗಿಸಿ, ಮೇಲೆ ಚೆಂಡುಹೂವಿನ ಹಾರ ಹಾಕಿದರು. ಸರ್ಕಾರವೇ ಗಾಡಿ ಕಳಿಸಿದೆ ಎಂದು ಹೆಂಗಸರು ಮಾತಾಡಿಕೊಂಡರು. ತಮಟೆಯವರು ಮುಂದಾದರು. ನಾಲ್ಕು ದಿನ ಕಾದಿದ್ದ ಬೀದಿ ಆ ಸಂಜೆ ಕುಣಿಯಿತು. ದೊರೆರಾಜು ಚಾಲಕನ ಪಕ್ಕ ಕೂತಿದ್ದ. ಅವನ ಕೈಯಲ್ಲಿ ಲಕೋಟೆಯೊಂದಿತ್ತು. ಕೂಡುರಸ್ತೆ ಬರುವವರೆಗೆ ಒಡೆಯಬಾರದೆಂದು ಅದರ ಮೇಲೆ ಬರೆದಿತ್ತು.

ಕೂಡುರಸ್ತೆಯಲ್ಲಿ ಸ್ಮಶಾನ ಎಡಕ್ಕೆ. ತಮಟೆಯವರು ಎಡಕ್ಕೆ ತಿರುಗಿದರು. ವಾಹನ ಬಲಕ್ಕೆ ತಿರುಗಿತು.

ಮೊದಲು ಯಾರಿಗೂ ತಿಳಿಯಲಿಲ್ಲ. ಚಾಲಕ ದಾರಿ ತಪ್ಪಿದನೆಂದುಕೊಂಡು ಒಂದಿಬ್ಬರು ನಕ್ಕು ಕೈಬೀಸಿ ಕರೆದರು. ನಿಂಗಾಜಮ್ಮ ಓಡಿದಳು. ಒಂದು ಫರ್ಲಾಂಗು ಓಡಿರಬಹುದು. ವಾಹನದ ಕಿಟಕಿಯಿಂದ ದೊರೆರಾಜು ಅರ್ಧ ಹೊರಗೆ ಬಾಗಿ, ಚಾಲಕನಿಗೆ ನಿಲ್ಲಿಸು ನಿಲ್ಲಿಸು ಎಂದು ಕೂಗುತ್ತಿದ್ದುದು ಅವಳಿಗೆ ಕಾಣಿಸಿತು. ಆಮೇಲೆ ಅದೂ ಕಾಣಿಸಲಿಲ್ಲ.

ಪುಟ್ಟತಾಯಮ್ಮ ಹದಿನೇಳನೆಯ ದಿನಕ್ಕೆ ತೀರಿಕೊಂಡಳು. ಕಡ್ಡಿ ಹನ್ನೊಂದು ನಿಮಿಷಕ್ಕೆ ಸರಿಯಾಗಿ ಹಸಿರಾಯಿತು: ಒಂದನೆಯ ಕಾರಣ, ಮುಪ್ಪು. ಮಗನಿಗೆಂದು ತೋಡಿದ್ದ ಗುಂಡಿ ಹಾಗೆಯೇ ಇತ್ತು. ಮುದುಕಿಯ ಅಳತೆಗೆ ಅದು ಉದ್ದವಾಯಿತು.

ಆ ವರ್ಷ ಇನ್ನೂ ಆರು ಊರುಗಳಲ್ಲಿ ಒಲೆ ಹಚ್ಚಿಕೊಂಡು ತೊಂಬತ್ತಾರು ಗಂಟೆ ಕಾದರು. ಕೂಡುರಸ್ತೆಯ ಸುದ್ದಿ ಗೊತ್ತಿದ್ದೂ ಕಾದರು. ಮಂಡಳಿ ಶೈತ್ಯಾಗಾರವನ್ನು ದೊಡ್ಡದು ಮಾಡಿಸಿತು.

ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆಯ ಐದನೆಯ ತಾರೀಖು. ನಿಂಗಾಜಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ಬೇರೆ ಬೇರೆ ಊರಿನ ಆರು ಹೆಂಗಸರು. ದಫೇದಾರ ಬಾಗಿಲಲ್ಲಿ ನಿಂತು ಕಾರಿಡಾರಿನ ಕಡೆಗೆ ಮೂರು ಸಲ ಕೂಗಿದ: “ಮಂಟಯ್ಯ ಬಿನ್ ಲೇಟ್ ಸಿದ್ದಯ್ಯ. ಮಂಟಯ್ಯ ಬಿನ್ ಲೇಟ್ ಸಿದ್ದಯ್ಯ. ಮಂಟಯ್ಯ ಬಿನ್ ಲೇಟ್ ಸಿದ್ದಯ್ಯ.” ಕಾರಿಡಾರಿನಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರು ಒಮ್ಮೆ ಅತ್ತಿತ್ತ ನೋಡಿದರು.

“ಒಂದನೇ ಆರೋಪಿ ಸತತ ಗೈರುಹಾಜರು” ಎಂದು ಬರೆಸಿದರು ನ್ಯಾಯಾಧೀಶರು. ಆಮೇಲೆ ಕನ್ನಡಕದ ಮೇಲಿಂದ ಹಿಂದಿನ ಬೆಂಚಿನತ್ತ ನೋಡಿದರು. “ಅವನ ಹೆಂಡತಿ ನೀನೇ ಅಲ್ಲವೇನಮ್ಮ? ಪ್ರತಿ ಸಲ ನೀನೊಬ್ಬಳೇ ಬಂದರೆ ಹೇಗೆ? ಮುಂದಿನ ತಾರೀಖಿಗೆ ಅವನನ್ನು ಕರೆದುಕೊಂಡು ಬರಬೇಕು. ತಿಳಿಯಿತಾ?”

ನಿಂಗಾಜಮ್ಮ ಎದ್ದು ನಿಂತಳು.

“ಅವುನ್ನ ಕೊಡಿ ಸ್ವಾಮಿ” ಎಂದಳು. “ಕರ್ಕೊಂಡ್ ಬತ್ತೀನಿ.”